ಹೆಸರಿನ ಹಿಂದಿನ ಐದಕ್ಷರ

ಮೃಗಶಿರ ಮಳೆ ಹಿಡಿದು ಮೂರು ದಿನ, ಕರೆಂಟು ಹೋಗಿ ಎರಡು ದಿನ. ಎಂಟನೇ ಕ್ಲಾಸಿಗೆ ಭಾಗಲಬ್ಧ ಸಂಖ್ಯೆ ಮುಗಿಸಿ ಸ್ಟಾಫ್ ರೂಮಿಗೆ ಬಂದು ಫೋನು ನೋಡಿದರೆ 63 ಮೆಸೇಜು. ನಮ್ಮ ಫೋಟೊಗ್ರಫಿ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದ್ದರು. ಅದರಲ್ಲಿ ನನ್ನ ಹೆಸರು, ಹೆಸರಿನ ಹಿಂದೆ ಎ.ಎಫ್.ಐ.ಎ.ಪಿ. ಅನ್ನುವ ಛಾಯಾಗ್ರಹಣದ ಅಂತರರಾಷ್ಟ್ರೀಯ ಬಿರುದು. ಕೆಳಗೆ ಸಾಲು ಸಾಲು ಹೂಗುಚ್ಛ, ಚಪ್ಪಾಳೆ, ‘ಅಭಿನಂದನೆಗಳು ಮೇಡಂ’.

ಎರಡೂವರೆ ವರ್ಷ ಕಾದ ಸುದ್ದಿ. ಕೈ ಸಣ್ಣಗೆ ನಡುಗಿದ್ದು ನಿಜ. ಪಕ್ಕದ ಕುರ್ಚಿಯ ವಿಜ್ಞಾನದ ಮೇಡಂಗೆ ತೋರಿಸಿದೆ. “ಎಷ್ಟು ದುಡ್ಡು ಕೊಡ್ತಾರೆ?” ಅಂದರು. “ಅವರು ಕೊಡಲ್ಲ, ನಾವೇ ಕೊಡೋದು” ಅಂದೆ. ತಮಾಷೆ ಮಾಡ್ತಿದೀನಿ ಅಂದುಕೊಂಡು ನಕ್ಕರು.

ಆಮೇಲಿಂದ ಎರಡು ಪ್ರಶ್ನೆ ಬರುತ್ತಲೇ ಇವೆ. ಹೇಗೆ ಮಾಡಿದಿರಿ? ಖುಷಿ ಆಯ್ತಾ? ಮೊದಲನೆಯದಕ್ಕೆ ಉತ್ತರ ಒಂದು ಎಕ್ಸೆಲ್ ಹಾಳೆಯಲ್ಲಿದೆ. ಎರಡನೆಯದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡಲು ಹೋದಾಗಲೆಲ್ಲ ಸುಳ್ಳು ಹೇಳಿದಂತಾಗುತ್ತಿದೆ. ಅದಕ್ಕೇ ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮನೆಯವರದು ಅಡಿಕೆ ತೋಟ. 2019ರಲ್ಲಿ ಸೊಸೈಟಿ ಸಾಲ ತೀರಿದ ಖುಷಿಗೆ ಹಳೆಯದೊಂದು ಕ್ಯಾಮೆರಾ, 50 ಎಂಎಂ ಲೆನ್ಸು ಕೊಂಡೆ. ಮೊದಲ ಮೂರು ವರ್ಷ ಯಾರಿಗೂ ತೋರಿಸದೆ ತೆಗೆದೆ. ಬೆಳಗ್ಗೆ ತೋಟದ ಮೇಲೆ ಕೂತಿರುವ ಮಂಜು, ಬಚ್ಚಲೊಲೆಯ ಹೊಗೆಯಲ್ಲಿ ಬೀಳುವ ಬಿಸಿಲುಕೋಲು, ಮಂಡಗದ್ದೆಯ ಬೆಳ್ಳಕ್ಕಿ. ಮಂಡಗದ್ದೆ ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲೇ ಇದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಬಸ್ಸಿಳಿದರೆ ರಸ್ತೆ ಬದಿಯಿಂದಲೇ ಕಾಣುತ್ತವೆ. ನೋಡುತ್ತಾ ನಿಂತರೆ ಮುಂದಿನ ಬಸ್ಸು ಹೋಗಿದ್ದೂ ಗೊತ್ತಾಗುತ್ತಿರಲಿಲ್ಲ. ಆಗ ಖುಷಿಯಾಗಿದ್ದೆನಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಸಲೂನಿನ ವಿಷಯ ತಲೆಗೆ ತುಂಬಿದವರು ಶಿವಮೊಗ್ಗದಲ್ಲಿ ಸಿಕ್ಕ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. “ಮೇಡಂ, ಇಷ್ಟು ಒಳ್ಳೆ ಚಿತ್ರ ಹಾರ್ಡ್ ಡಿಸ್ಕಲ್ಲಿ ಕೊಳೀತಿದಾವಲ್ರಿ. ಸಲೂನಿಗೆ ಕಳಿಸಿ.” ಮನೆಗೆ ಬಂದು ಹೇಳಿದೆ. “ಸಲೂನಿಗೆ ಎಂತಕ್ಕೆ ಮಾರಾಯ್ತಿ? ಕ್ಷೌರದಂಗಡಿ ಗೋಡೆಗೆ ಹಾಕ್ತಾರಾ?” ಅಂದರು ಅತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಲೂನ್ ಅಂದರೆ ಛಾಯಾಚಿತ್ರ ಸ್ಪರ್ಧೆ ಮತ್ತು ಪ್ರದರ್ಶನ. ಫಿಯಾಪ್ ಅನ್ನುವುದು 1950ರಲ್ಲಿ ಯುರೋಪಿನಲ್ಲಿ ಶುರುವಾದ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ. ಅದರ ಮನ್ನಣೆಯಿರುವ ಸಲೂನ್‌ಗಳು ಬೇರೆ ಬೇರೆ ದೇಶಗಳಲ್ಲಿ ವರ್ಷವಿಡೀ ನಡೆಯುತ್ತವೆ. ಒಂದು ವಿಭಾಗಕ್ಕೆ ನಾಲ್ಕು ಚಿತ್ರ ಕಳಿಸಬಹುದು. ಸಾಮಾನ್ಯವಾಗಿ ಮೂವರು ತೀರ್ಪುಗಾರರು ಅಂಕ ಕೊಡುತ್ತಾರೆ. ಇಂತಿಷ್ಟು ಅಂಕ ದಾಟಿದರೆ ಚಿತ್ರ ‘ಅಕ್ಸೆಪ್ಟ್’. ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರು ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕಿ, ರಟ್ಟಿನ ನಡುವೆ ಇಟ್ಟು, ಪರದೇಶಕ್ಕೆ ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ನಮಗೆ ಹಾಸಿಗೆಯಲ್ಲಿ ಮಲಗಿ ಅಪ್‌ಲೋಡ್ ಮಾಡುವ ಸುಖ.

ಇಂಥ ಅಕ್ಸೆಪ್ಟೆನ್ಸುಗಳನ್ನು ಕೂಡಿಸಿದರೆ ಬಿರುದು. ಮೊದಲ ಮೆಟ್ಟಿಲು ಎ-ಫಿಯಾಪ್, ಅಂದರೆ ನನ್ನ ಹೆಸರಿನ ಹಿಂದೆ ಬಂದ ಆ ಎ.ಎಫ್.ಐ.ಎ.ಪಿ. ನಾನು ಅರ್ಜಿ ಹಾಕಿದಾಗಿನ ಲೆಕ್ಕ ಹೀಗಿತ್ತು: ಕನಿಷ್ಠ ಒಂದು ವರ್ಷ ಭಾಗವಹಿಸಿರಬೇಕು, 15 ಸಲೂನು, 8 ದೇಶ, 15 ಬೇರೆ ಬೇರೆ ಚಿತ್ರ, ಒಟ್ಟು 40 ಅಕ್ಸೆಪ್ಟೆನ್ಸು. ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಹಾಗಾಗಿ ನನ್ನ ಮಾತು ನಂಬಿ ಕೂರಬೇಡಿ, ಅರ್ಜಿ ಹಾಕುವ ವರ್ಷದ ನಿಯಮಪುಸ್ತಕ ತೆಗೆದು ಓದಿ.

2022ರ ಡಿಸೆಂಬರಿನಲ್ಲಿ ಮೊದಲ ಸಲ ಕಳಿಸಿದೆ. ಮೊದಲ ಅಡ್ಡಿ ಎದುರಾಗಿದ್ದು ಬ್ಯಾಂಕಿನಲ್ಲಿ. ಸರ್ಬಿಯಾದ ಸಲೂನಿಗೆ ದುಡ್ಡು ಕಟ್ಟಲು ಹೋದರೆ ಕಾರ್ಡು ನಡೆಯಲೇ ಇಲ್ಲ. ಮೂರು ಸಲ ಪ್ರಯತ್ನಿಸಿ, ಕೊನೇ ದಿನಾಂಕ ಕಳೆದು, ಆಮೇಲೆ ತಿಳಿಯಿತು: ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದ ಬಂದ್ ಆಗಿರುತ್ತದೆ, ಬ್ಯಾಂಕಿನ ಆ್ಯಪಿನಲ್ಲಿ ನಾವೇ ತೆರೆದುಕೊಳ್ಳಬೇಕು. ಎರಡು ನಿಮಿಷದ ಕೆಲಸ. ಮಿತಿಯನ್ನು ಐದು ಸಾವಿರಕ್ಕೆ ಇಟ್ಟು, ಕಟ್ಟಿದ ಮೇಲೆ ಮತ್ತೆ ಬಂದ್ ಮಾಡಿ.

ಎರಡನೆಯದು ಅಳತೆ. ಬಹಳ ಕಡೆ 1920 ಪಿಕ್ಸೆಲ್ ಅಗಲ, 1080 ಎತ್ತರ, ಅದರೊಳಗೆ ಚಿತ್ರ ಕೂರಬೇಕು. ಉದ್ದನೆ ಚಿತ್ರಕ್ಕೂ ಎತ್ತರ 1080ರ ಮೇಲೆ ಹೋಗುವ ಹಾಗಿಲ್ಲ. ಚಿತ್ರದ ಮೇಲೆ ಹೆಸರು, ಸಹಿ ಏನೂ ಇರಬಾರದು. ನಾನು ಮೂಲೆಯಲ್ಲಿ ಚಂದಕ್ಕೆ ಕನ್ನಡದಲ್ಲಿ ಹೆಸರು ಹಾಕಿಕೊಂಡಿದ್ದೆ. ಹಾಗೆ ಹೆಸರಿದ್ದ ನಾಲ್ಕೂ ಹೊರಬಿದ್ದವು.

ಆ ಸುತ್ತಿನಲ್ಲಿ ಕಳಿಸಿದ ಎಂಟು ಚಿತ್ರಗಳಲ್ಲಿ ನನಗೆ ಜೀವವಾಗಿದ್ದುದು ಒಂದು ಕಪ್ಪುಬಿಳುಪು. ಅಡಿಕೆ ಸುಲಿಯುವ ರಾತ್ರಿ. ಅಂಗಳದ ಚಪ್ಪರದ ಕೆಳಗೆ ಒಂದೇ ಬಲ್ಬು, ಅತ್ತೆ ಮೆಟ್ಟುಗತ್ತಿಯ ಮುಂದೆ ಕೂತಿದ್ದಾರೆ, ಎದುರಿಗೆ ಹಸಿಅಡಿಕೆಯ ರಾಶಿ, ಹಿಂದೆ ಹಂಡೆಯಿಂದ ಏಳುತ್ತಿರುವ ಆವಿ. ಅವರ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚೊಗರಿನಿಂದ ಕಪ್ಪಾಗಿದೆ. ಐಎಸ್‌ಒ 3200ರಲ್ಲಿ ತೆಗೆದದ್ದು, ಸ್ವಲ್ಪ ಕಾಳುಕಾಳು. ಫಲಿತಾಂಶ ಬಂತು: ಮೂವರೂ ಸೇರಿ ಕೊಟ್ಟಿದ್ದು 11. ಬೇಕಿದ್ದುದು 18.

ಮ್ಯಾನೇಜರು ನೋಡಿ ಹೇಳಿದರು, “ಎಡಗಡೆ ಅಂಚಲ್ಲಿ ಯಾರದೋ ಕೈ ಬಂದಿದೆ ನೋಡಿ, ಕಣ್ಣು ಅಲ್ಲಿಗೆ ಓಡುತ್ತೆ. ಕ್ರಾಪ್ ಮಾಡಿ. ಈ ಕಾಳುಕಾಳು ನಾಯ್ಸ್ ತೆಗೀರಿ.” ಕ್ರಾಪ್ ಮಾಡಿದೆ. ನಾಯ್ಸ್ ತೆಗೆದೆ. ಅತ್ತೆಯ ಮುಖ ಮೇಣದ ಗೊಂಬೆಯಂತಾಯಿತು. ಮುಂದಿನ ಸಲೂನಿನಲ್ಲಿ 14. ಅದರ ಮುಂದಿನದರಲ್ಲಿ 13. ಒಟ್ಟು ಒಂಬತ್ತು ಕಡೆ ಕಳಿಸಿದ್ದೇನೆ, ಒಂದೇ ಒಂದು ಕಡೆಯೂ ಒಳಗೆ ಹೋಗಲಿಲ್ಲ.

ಹೋಗಿದ್ದು ಕಂಬಳ. ಒಂದು ಶನಿವಾರ ಆಗುಂಬೆ ಘಾಟಿಯ 14 ತಿರುವು ಇಳಿದು ಕರಾವಳಿಗೆ ಹೋಗಿ, ಓಟ ಮುಗಿಯುವ ಮಂಜೊಟ್ಟಿಯ ಕಡೆ ಕೆಸರು ಬಡಿಯುವಷ್ಟು ಹತ್ತಿರ ನಿಂತೆ. ಆಚೀಚೆ ಮೂವತ್ತಕ್ಕೂ ಹೆಚ್ಚು ಕ್ಯಾಮೆರಾ, ನಾನೊಬ್ಬಳೇ ಹೆಂಗಸು. ನೀರು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ಓಟದಲ್ಲಿ ಕೋಣಗಳು ನೀರೆಬ್ಬಿಸಿದ ಕ್ಷಣಕ್ಕೆ ಎಲ್ಲ ಶಟರುಗಳೂ ಒಟ್ಟಿಗೇ ತಟತಟ ಅಂದವು, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಮೂವತ್ತು ಕಾರ್ಡಿನಲ್ಲೂ ಅದೇ ಚಿತ್ರ. ನನ್ನದು ಮೂರು ಬೆರಳು ಎಡಕ್ಕಿತ್ತು, ಅಷ್ಟೇ ವ್ಯತ್ಯಾಸ. ಆ ಚಿತ್ರಕ್ಕೆ ಈವರೆಗೆ ಒಂಬತ್ತು ಅಕ್ಸೆಪ್ಟೆನ್ಸು, ಬಹುಮಾನವಾಗಿ ಒಂದು ರಿಬ್ಬನ್ನು.

ಮೊದಲ ಅಕ್ಸೆಪ್ಟೆನ್ಸಿನ ಖುಷಿ ಎಂಥದು ಅಂತ ಹೇಳಿಬಿಡುತ್ತೇನೆ, ಇಲ್ಲವೆಂದರೆ ಅನ್ಯಾಯವಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮೇಲ್ ಬಂತು. ಹಸಿರು ಅಕ್ಷರದಲ್ಲಿ ‘ಅಕ್ಸೆಪ್ಟೆಡ್’. ಮನೆಯವರನ್ನು ಎಬ್ಬಿಸಿದೆ. ಅವರು ಎದ್ದು ಕೂತು ಓದಿ, “ಮಾಂಟೆನೆಗ್ರೊ ಎಲ್ಲಿ ಬರುತ್ತೆ?” ಅಂದರು. ಮಗಳ ಹಳೆಯ ಅಟ್ಲಾಸು ತೆಗೆದು ಹುಡುಕಿದೆವು. ಪರಿಚಯವೇ ಇಲ್ಲದ ದೇಶದಲ್ಲಿ ಮೂರು ಜನ ನಾನು ಕಂಡದ್ದನ್ನು ಕಂಡು ತಲೆಯಾಡಿಸಿದ್ದಾರೆ. ಆ ಖುಷಿ ಒಂದು ವಾರ ಇತ್ತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗಲೂ ಇತ್ತು.

ಹತ್ತನೆಯದರ ಖುಷಿ ಒಂದು ಸಂಜೆ ಉಳಿಯಿತು. ಇಪ್ಪತ್ತೈದನೆಯದಕ್ಕೆ ನಾನು ಮಾಡಿದ್ದು ಎಕ್ಸೆಲ್ ತೆರೆದು ಒಂದು ಸಾಲು ತುಂಬಿದ್ದು, ಅಷ್ಟೇ. ಬರದ ಮೂರು ಚಿತ್ರಗಳ ಬಗ್ಗೆ ಮಾತ್ರ ರಾತ್ರಿಯಿಡೀ ಉರಿ. ಗುಂಪಿನಲ್ಲಿ ಇನ್ನೊಬ್ಬರಿಗೆ ನಾಲ್ಕಕ್ಕೆ ನಾಲ್ಕೂ ಬಂದಿದ್ದರೆ ‘ಅಭಿನಂದನೆಗಳು ಸರ್’ ಅಂತ ಟೈಪ್ ಮಾಡುವಾಗ ಬೆರಳು ಭಾರವಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೇ ಇತ್ತು.

ನಡುವೆ ಒಂದು ಸಲಹೆ. ಬಿಡಿ ಸಲೂನಿಗಿಂತ ‘ಸರ್ಕ್ಯೂಟ್’ ಲಾಭ. ಒಂದೇ ಶುಲ್ಕಕ್ಕೆ ಮೂರೋ ನಾಲ್ಕೋ ಐದೋ ಸಲೂನು, ಒಂದೊಂದಕ್ಕೂ ಬೇರೆ ತೀರ್ಪುಗಾರರು, ಫಿಯಾಪ್ ಕೊಡುವ ಬೇರೆ ಮನ್ನಣೆ ಸಂಖ್ಯೆ. ಒಂದೇ ಚಿತ್ರ ಮೂರು ಕಡೆ ಆಯ್ಕೆಯಾದರೆ ಮೂರು ಅಕ್ಸೆಪ್ಟೆನ್ಸು. ಹಲವು ದೇಶ ಸೇರಿದ ಸರ್ಕ್ಯೂಟ್ ಆದರೆ ದೇಶದ ಲೆಕ್ಕವೂ ಬೇಗ ತುಂಬುತ್ತದೆ. ಆದರೆ ಇದೇ ಸರ್ಕ್ಯೂಟು ನಮ್ಮನ್ನು ಲೆಕ್ಕಿಗರನ್ನಾಗಿ ಮಾಡುವುದೂ ಹೌದು. ಗಣಿತದ ಟೀಚರಿಗೆ ಕೇಳಬೇಕೇ? ಯಾವ ಚಿತ್ರಕ್ಕೆ ಸರಾಸರಿ ಎಷ್ಟು ಅಂಕ, ಯಾವ ವಿಭಾಗದಲ್ಲಿ ನೂರಕ್ಕೆ ಎಷ್ಟು ಪಾಸು, ಒಂದು ಅಕ್ಸೆಪ್ಟೆನ್ಸಿಗೆ ಎಷ್ಟು ರೂಪಾಯಿ ಬಿತ್ತು, ಎಲ್ಲಾ ತೆಗೆದಿಟ್ಟೆ.

ಈಗ ಹೇಳಲು ಕಷ್ಟವಾದ ಭಾಗ.

ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಿಗೆ ರಿವರ್ ಟರ್ನ್ ಹಕ್ಕಿಗಳು ಗುಂಪಾಗಿ ಬರುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ. 2024ರ ಮಾರ್ಚಿನಲ್ಲಿ ದೋಣಿಯಲ್ಲಿ ಹೋಗಿದ್ದೆ. ಒಂದು ಹಕ್ಕಿ ಬಾಯಲ್ಲಿ ಮೀನು ಹಿಡಿದು ನೇರ ನನ್ನ ಕಡೆಗೇ ಬಂತು. ರೆಕ್ಕೆ ಪೂರ್ತಿ ಬಿಚ್ಚಿದೆ, ಕಣ್ಣಲ್ಲಿ ಬೆಳಕಿನ ಚುಕ್ಕೆ. ಜೀವಮಾನಕ್ಕೊಂದು ಸಿಗುವಂಥದು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಬಲ ಮೂಲೆಯಲ್ಲಿ ಯಾರದೋ ಮೀನಿನ ಬಲೆಯ ಒಂದು ನೀಲಿ ನೂಲು. ಕೂದಲೆಳೆಯಷ್ಟು.

ನೇಚರ್ ವಿಭಾಗದ ನಿಯಮ ಕಟ್ಟುನಿಟ್ಟು. ಅಂಚು ಕತ್ತರಿಸಬಹುದು, ಬೆಳಕು-ಬಣ್ಣ ಸರಿ ಮಾಡಬಹುದು. ಇದ್ದದ್ದನ್ನು ಅಳಿಸುವ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ನನಗೆ ಬಾಯಿಪಾಠ ಬರುತ್ತಿತ್ತು. ಕತ್ತರಿಸಿದರೆ ರೆಕ್ಕೆಯ ತುದಿ ಹೋಗುತ್ತಿತ್ತು. ಕ್ಲೋನ್ ಬ್ರಷ್ ತೆಗೆದುಕೊಂಡು ನೀಲಿ ನೂಲಿನ ಮೇಲೆ ಒಮ್ಮೆ ಎಳೆದೆ. ನಾಲ್ಕು ಸೆಕೆಂಡು. ನೂಲು ಇರಲೇ ಇಲ್ಲವೇನೋ ಅನ್ನುವಂತೆ ನೀರು ಮುಚ್ಚಿಕೊಂಡಿತು.

ಆ ಚಿತ್ರಕ್ಕೆ ಐದು ಅಕ್ಸೆಪ್ಟೆನ್ಸು ಬಂದವು. ಆಗಸ್ಟ್ ಹೊತ್ತಿಗೆ ನನ್ನ ಎಕ್ಸೆಲ್‌ನಲ್ಲಿ ಒಟ್ಟು 41. ಅರ್ಜಿ ತುಂಬಲು ಶುರು ಮಾಡಿದ್ದೆ. ಆಗ ಇನ್ನೊಂದು ಸಲೂನಿನಿಂದ ಮೇಲ್: ನಿಮ್ಮ ಚಿತ್ರ ಪದಕದ ಪರಿಶೀಲನೆಯಲ್ಲಿದೆ, ದಯವಿಟ್ಟು ಮೂಲ ರಾ ಫೈಲ್ ಏಳು ದಿನದೊಳಗೆ ಕಳಿಸಿ.

ಪದಕ! ಮೊದಲು ಕಣ್ಣಿಗೆ ಬಿದ್ದದ್ದು ಆ ಮಾತು. ಎರಡನೇ ಸಲ ಓದಿದಾಗ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು. ಕ್ಯಾಮೆರಾದಿಂದ ನೇರ ಬಂದ, ತಿದ್ದದ ಆ ರಾ ಫೈಲಿನಲ್ಲಿ ನೂಲು ಇದೆ. ಕಳಿಸಿದರೆ ಸಿಕ್ಕಿಬೀಳುತ್ತೇನೆ, ಕಳಿಸದಿದ್ದರೂ ಅನುಮಾನ. ನಿಯಮ ಮುರಿದವರ ಮೇಲೆ ಫಿಯಾಪ್ ನಿರ್ಬಂಧ ಹಾಕುತ್ತದೆ, ಬಿರುದು ಹಾಗಿರಲಿ, ಭಾಗವಹಿಸುವುದಕ್ಕೇ ಕುತ್ತು. ಮೂರು ರಾತ್ರಿ ನಿದ್ದೆಯಿಲ್ಲ. ಪರೀಕ್ಷೆಯಲ್ಲಿ ಚೀಟಿ ಇಟ್ಟ ಹುಡುಗರನ್ನು ಹಿಡಿದು ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದವಳು ನಾನು. ಆ ಹುಡುಗರು ನೆಲ ನೋಡುತ್ತಾ ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿತು.

ನಾಲ್ಕನೇ ದಿನ ಬರೆದೆ: ಈ ಚಿತ್ರದಲ್ಲಿ ಒಂದು ಬಲೆಯ ನೂಲನ್ನು ಅಳಿಸಿದ್ದೇನೆ, ತಪ್ಪಾಯಿತು, ಸ್ಪರ್ಧೆಯಿಂದ ಹಿಂದೆಗೆದುಕೊಳ್ಳಿ. ಮರುದಿನ ಒಂದೇ ಸಾಲಿನ ಉತ್ತರ: ತಿಳಿಸಿದ್ದಕ್ಕೆ ಧನ್ಯವಾದ, ಚಿತ್ರ ತೆಗೆಯಲಾಗಿದೆ. ಆಮೇಲೆ ಏನೂ ಬರಲಿಲ್ಲ. ಹಳೆಯ ಐದು ಅಕ್ಸೆಪ್ಟೆನ್ಸು ಕೊಟ್ಟ ಸಲೂನ್‌ಗಳಿಗೂ ಹಾಗೇ ಬರೆದು, ಎಕ್ಸೆಲ್‌ನಿಂದ ಐದು ಸಾಲು ಅಳಿಸಿದೆ. 36.

ನಿಮಗೆ ಹೇಳುವುದು ಇಷ್ಟೆ. ಪ್ರತಿ ಚಿತ್ರದ ರಾ ಫೈಲನ್ನು ಎರಡು ಕಡೆ ಇಟ್ಟುಕೊಳ್ಳಿ, ಯಾವಾಗ ಬೇಕಾದರೂ ಕೇಳಬಹುದು. ನೂಲು ಇದ್ದರೆ ಆ ಚಿತ್ರವನ್ನು ನೇಚರ್ ಬಿಟ್ಟು ಓಪನ್ ಕಲರಿಗೆ ಕಳಿಸಿ, ಅಲ್ಲಿ ಇಂಥ ತಿದ್ದುಪಡಿಗೆ ಅಡ್ಡಿಯಿಲ್ಲ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೇಚರಿನಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚು ಅಂತ ನನ್ನ ಸರಾಸರಿ ಲೆಕ್ಕ ಹೇಳಿತ್ತು.

ಮುಂದಿನ ಐದು ತಿಂಗಳು ಎರಡು ಸರ್ಕ್ಯೂಟು, ಏಳು ಹೊಸ ಅಕ್ಸೆಪ್ಟೆನ್ಸು, 43. ಈ ಏಳರ ಬಗ್ಗೆ ಹೇಳಲು ಏನೂ ಇಲ್ಲ.

ಅರ್ಜಿ ಹಾಕುವ ಹಂತಕ್ಕೆ ಬಂದರೆ, ನೇರವಾಗಿ ಫಿಯಾಪ್‌ಗೆ ಕಳಿಸುವ ಹಾಗಿಲ್ಲ. ನಮ್ಮ ದೇಶದ ಸದಸ್ಯ ಸಂಸ್ಥೆ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ, ಅದರ ಮೂಲಕವೇ ಹೋಗಬೇಕು. ಹಾಗಾಗಿ ಮೊದಲು ಅಲ್ಲಿ ಸದಸ್ಯತ್ವ. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಅರ್ಜಿಯಲ್ಲಿ ಒಂದೊಂದು ಚಿತ್ರದ ಹೆಸರು, ಯಾವ ಸಲೂನು, ಯಾವ ದೇಶ, ಯಾವ ವರ್ಷ, ಮನ್ನಣೆ ಸಂಖ್ಯೆ ಎಷ್ಟು, ಎಲ್ಲ ತುಂಬಬೇಕು. ಈ ಸಂಖ್ಯೆ ಸಲೂನಿನ ಪ್ರಕಟಣೆಯಲ್ಲಿ, ಕ್ಯಾಟಲಾಗಿನಲ್ಲಿ ಇರುತ್ತದೆ. ನಾನು ಮೊದಲ ವರ್ಷದ ಕ್ಯಾಟಲಾಗುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡಿರಲಿಲ್ಲ. ಎರಡು ಸಲೂನಿನ ಪುಟಗಳೇ ಮಾಯವಾಗಿದ್ದವು. ಹಳೆಯ ಮೇಲ್ ಅಗೆದು ಅಗೆದು ಸಂಖ್ಯೆ ಹುಡುಕಲು ದಸರಾ ರಜೆಯ ಮೂರು ದಿನ ಹಿಡಿಯಿತು. ಫಲಿತಾಂಶ ಬಂದ ದಿನವೇ ರಿಪೋರ್ಟ್ ಕಾರ್ಡು ಮತ್ತು ಕ್ಯಾಟಲಾಗು ಇಳಿಸಿ ಒಂದು ಫೋಲ್ಡರಿಗೆ ಹಾಕಿಬಿಡಿ.

ಅಲ್ಲೇ ಇನ್ನೊಂದು ಎಡವಟ್ಟು ಬಯಲಾಯಿತು. ಒಂದು ಚಿತ್ರಕ್ಕೆ ಒಮ್ಮೆ ಇಟ್ಟ ಹೆಸರನ್ನು ಕೊನೆಯವರೆಗೂ ಬದಲಿಸಬಾರದು. ನಾನು ಕಂಬಳದ ಚಿತ್ರವನ್ನು ಏಳು ಕಡೆ ‘ಕಂಬಳ ಸ್ಪ್ಲಾಶ್’ ಅಂತಲೂ ಎರಡು ಕಡೆ ಬರೀ ‘ಸ್ಪ್ಲಾಶ್’ ಅಂತಲೂ ಕಳಿಸಿದ್ದೆ. ಕದಿಯುವ ಉದ್ದೇಶವಲ್ಲ, ಬರೀ ಮರೆವು. ಆದರೆ ಕಾಗದದ ಮೇಲೆ ಅವು ಎರಡು ಚಿತ್ರ. ಮಾರ್ಗದರ್ಶನ ಮಾಡಿದವರು ಆ ಎರಡನ್ನು ಬಿಟ್ಟುಬಿಡಿ ಅಂದರು. 41. ಫೆಬ್ರವರಿ 2025ರಲ್ಲಿ ಕಳಿಸಿದೆ.

ಖರ್ಚು ಕೇಳುವವರಿಗೆ: ಪ್ರವೇಶ ಶುಲ್ಕಕ್ಕೇ 36 ಸಾವಿರ ದಾಟಿದೆ. ಸದಸ್ಯತ್ವ, ಬಿರುದಿನ ಶುಲ್ಕ ಬೇರೆ. ಓಡಾಟ, ದೋಣಿ, ಕಂಬಳದ ಊರಿನಲ್ಲಿ ಲಾಡ್ಜು, ಹಕ್ಕಿಗಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಉದ್ದ ಲೆನ್ಸು ಸೇರಿಸಿದರೆ ಒಂದೂಕಾಲು ಲಕ್ಷದ ಮೇಲೆ. ಪೂರ್ತಿ ಲೆಕ್ಕ ಮನೆಯವರಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಜೂನ್‌ನಲ್ಲಿ ಪಟ್ಟಿ ಬಂತು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ಮೈಕಿನಲ್ಲಿ ಹೇಳಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಮನೆಯವರು ಪೇಟೆಯಿಂದ ಅರ್ಧ ಕೆ.ಜಿ. ಮೈಸೂರುಪಾಕು ತಂದರು. ಅತ್ತೆ, “ಅದು ಹೆಸರಿನ ಮುಂದೆ ಹಾಕ್ಕಂಬೋದಾ ಹಿಂದೆ ಹಾಕ್ಕಂಬೋದಾ?” ಅಂದರು. ಹಿಂದೆ ಅಂದೆ. “ಡಾಕ್ಟ್ರದ್ದು ಮುಂದೆ ಬರ್ತದಲ್ಲ” ಅಂತ ಸ್ವಲ್ಪ ನಿರಾಸೆಪಟ್ಟರು. ಅವತ್ತು ಸಂಜೆ ಗುಂಪಿನಲ್ಲಿ ಇನ್ನೊಬ್ಬರಿಗೆ ನನ್ನದಕ್ಕಿಂತ ಎಷ್ಟೋ ಮೆಟ್ಟಿಲು ಮೇಲಿನ ಇ-ಫಿಯಾಪ್ ಗೋಲ್ಡ್ ಬಂದ ಸುದ್ದಿ. ಹೂಗುಚ್ಛಗಳೆಲ್ಲ ಅತ್ತ ಹೊರಳಿದವು.

ಮೂರು ದಿನ ಚೆನ್ನಾಗಿದ್ದೆ. ನಾಲ್ಕನೇ ದಿನ ಶಾಲೆಯಿಂದ ಬಂದು ಕಂಪ್ಯೂಟರ್ ಮುಂದೆ ಕೂತವಳಿಗೆ ಮಾಡಲು ಏನೂ ಇರಲಿಲ್ಲ. ತುಂಬಲು ಎಕ್ಸೆಲ್ ಸಾಲು ಇಲ್ಲ, ಕಾಯಲು ಇ-ಮೇಲ್ ಇಲ್ಲ. ಮಗಳ ಮದುವೆ ಮುಗಿಸಿ ಚಪ್ಪರ ಬಿಚ್ಚಿದ ಮರುದಿನದ ಮನೆ ಹೇಗಿರುತ್ತದೋ ಹಾಗಿತ್ತು.

ಅಕ್ಕನ ಮಗ ಮನಃಶಾಸ್ತ್ರ ಓದುತ್ತಿದ್ದಾನೆ. ಫೋನಿನಲ್ಲಿ ಹೇಳಿಕೊಂಡೆ. “ಚಿಕ್ಕಮ್ಮ, ಇದಕ್ಕೆ 1978ರಲ್ಲೇ ಒಂದು ಅಧ್ಯಯನ ಆಗಿದೆ” ಅಂದ. ಅಮೆರಿಕದಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಯವರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರಂತೆ. ಗೆದ್ದವರು ಬೇರೆಯವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖವಾಗೇನೂ ಇರಲಿಲ್ಲ. ಅದಕ್ಕಿಂತ, ಗೆಳೆಯರ ಜೊತೆ ಹರಟುವುದು, ಬೆಳಗಿನ ತಿಂಡಿ ತಿನ್ನುವುದು, ಇಂಥ ಸಣ್ಣಪುಟ್ಟದರಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಡಿಮೆಯಾಗಿತ್ತು. 22 ಜನರನ್ನು ಕೇಳಿ ಇಡೀ ಮನುಷ್ಯಕುಲದ ಮಾತಾಡಿದರೆ ನಾನಾದರೆ ಮಾರ್ಕು ಕಳೆಯುತ್ತೇನೆ. ಆದರೂ ಆ ತಿಂಡಿಯ ಮಾತು ಮನಸ್ಸಿಗೆ ನಾಟಿತು.

ಯಾಕೆಂದರೆ ಆ ಭಾನುವಾರ ಬೆಳಗ್ಗೆ ತೋಟದ ಮೇಲೆ ಮಂಜು ಬಂದಿತ್ತು. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ನಿಂತಿದ್ದೆ. ತಲೆಯೊಳಗೆ ಒಬ್ಬರು ‘ಸಬ್ಜೆಕ್ಟ್ ಇಲ್ಲ’ ಅಂದರು. ಇನ್ನೊಬ್ಬರು ‘ಕರೆಂಟ್ ವೈರು ಬಂದಿದೆ’ ಅಂದರು. ಮೂರನೆಯವರು ‘ಇಂಥದು ಸಾಕಷ್ಟು ನೋಡಿದೀವಿ’ ಅಂದರು. ಮೂವರೂ ಸೇರಿ 12 ಕೊಟ್ಟರು. ಕಾಫಿ ಆರಿತ್ತು.

ಪ್ರಶಸ್ತಿ, ಬಿರುದು ಎಲ್ಲ ಮಾಯೆ ಅಂತ ವೇದಾಂತ ಹೇಳಲು ನನಗೆ ಬಾಯಿಲ್ಲ. ಎಸೆಸೆಲ್ಸಿಯಲ್ಲಿ ಪಾಸಾದ ಹುಡುಗನಿಗೆ ಪಾಸಾದದ್ದು ಖುಷಿಯಲ್ಲ ಅಂತ ಹೇಳಲಾದೀತೇ? ಖುಷಿಯೇ. ಮಾಂಟೆನೆಗ್ರೊದ ಆ ರಾತ್ರಿ ಸುಳ್ಳಲ್ಲ. ಸಲೂನಿನಿಂದ ಕಲಿತದ್ದೂ ಬಹಳ: ಅಂಚು ನೋಡುವುದು, ಬೆಳಕಿಗೆ ಕಾಯುವುದು, ಹತ್ತರಲ್ಲಿ ಒಂಬತ್ತನ್ನು ಎಸೆಯುವುದು. ಆದರೆ ಕಲಿಸಲು ಬಂದ ಮೂವರು ಅಲ್ಲೇ ಬಿಡಾರ ಹೂಡಿದರು. ಅವರನ್ನು ಯಾವಾಗ ಒಳಗೆ ಕರೆಯಬೇಕು, ಯಾವಾಗ ಅಂಗಳದಲ್ಲಿ ಕೂರಿಸಬೇಕು ಅಂತ ಯಾವ ನಿಯಮಪುಸ್ತಕದಲ್ಲೂ ಇಲ್ಲ. ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳಬೇಕು: ಮುಂದಿನ ಮೆಟ್ಟಿಲಾದ ಇ-ಫಿಯಾಪ್‌ಗೆ 250 ಅಕ್ಸೆಪ್ಟೆನ್ಸು, 50 ಚಿತ್ರ, 20 ದೇಶ. ಅದರ ಮೇಲೆ ಬ್ರಾಂಜು, ಸಿಲ್ವರು, ಗೋಲ್ಡು, ಪ್ಲಾಟಿನಂ, ಡೈಮಂಡು. ಎಕ್ಸೆಲ್‌ನಲ್ಲಿ ಎರಡನೇ ಹಾಳೆ ತೆರೆದಿದ್ದೇನೆ. ಹೆಸರು ‘ಇ’. ಇನ್ನೂ ಖಾಲಿಯಿದೆ, ಆದರೆ ಅಳಿಸಿಲ್ಲ.

ಹೋದ ತಿಂಗಳು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲು ಶಿವಮೊಗ್ಗಕ್ಕೆ ಹೋದಾಗ ಅದೇ ಅಂಗಡಿಯಲ್ಲಿ ಅಡಿಕೆ ಚಿತ್ರದ ಒಂದು ದೊಡ್ಡ ಪ್ರಿಂಟು ತೆಗೆಸಿದೆ, 350 ರೂಪಾಯಿ. ಸಲೂನಿಗೆ ಕಳಿಸಿದ, ನಯ ಮಾಡಿದ ಪ್ರತಿ ಬೇಡವೆನಿಸಿ ಮೂಲ ಫೈಲಿನಿಂದಲೇ, ಅಂಚು ಕತ್ತರಿಸದೆ ಪೂರ್ತಿ ಚಿತ್ರ ಹಾಕಿಸಿದೆ. ಕಾಳುಕಾಳು ಹಾಗೇ ಇತ್ತು. ಅತ್ತೆಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ತಮ್ಮ ಮುಖ ನೋಡಲೇ ಇಲ್ಲ. “ಆ ವರ್ಷ ಕೊಳೆ ಬಂದು ಅರ್ಧ ಉದುರಿ ಹೋಗಿತ್ತು. ಆದ್ರೂ ರಾಶಿ ಎಷ್ಟಿದೆ ನೋಡು. ಆರು ಡಬ್ಬ ಇತ್ತನಾ ಅವತ್ತು.” ಆಮೇಲೆ ಎಡಗಡೆ ಅಂಚಿಗೆ ಬೆರಳು ಇಟ್ಟರು. “ಇದು ಕೆಳಮನೆ ಅಜ್ಜಿ ಕೈ ಅಲ್ದಾ?”

ಬಗ್ಗಿ ನೋಡಿದೆ. ಬಳೆಯಿಲ್ಲದ ಕೈ, ಮಣಿಕಟ್ಟಿಗೆ ಕಪ್ಪು ದಾರ, ಬೆರಳುಗಳ ನಡುವೆ ಅರ್ಧ ಸುಲಿದ ಅಡಿಕೆ. ಕೆಳಮನೆ ಅಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸುಲಿಯುವುದರಲ್ಲಿ ಅತ್ತೆಗಿಂತ ಚುರುಕಿದ್ದರು, ಇಬ್ಬರಿಗೂ ಯಾವಾಗಲೂ ಪೈಪೋಟಿ.

“ಅವಳ ಫೋಟ ಅವರ ಮನೇಲಿ ಸರೀದು ಒಂದೂ ಇಲ್ಲ” ಅಂದರು ಅತ್ತೆ. “ಅವಳ ಮಗನಿಗೂ ಒಂದು ಮಾಡ್ಸಿ ಕೊಡು. ಕೈ ಆದ್ರೆ ಕೈ.”

ಅಂಗಡಿಗೆ ಫೋನು ಮಾಡಿದ್ದೇನೆ. ಶನಿವಾರ ಸಿಗುತ್ತದಂತೆ.